ಹೋಟೆಲ್ ನೌಕರರ ದಿನಚರಿಯಲ್ಲಿ ಅಧ್ಯಾತ್ಮಕ್ಕೆ ಜಾಗ ಮಾಡಿಕೊಡುವ ಬಗೆ

ಗಲ್ಲಾದ ಮೇಲಿನ ದೇವರ ಪಟಕ್ಕೆ ಬೆಳಗ್ಗೆ ಹೂವಿಟ್ಟು ಊದುಬತ್ತಿ ಹಚ್ಚುವ ರೂಢಿ ನಮ್ಮ ಅನೇಕ ಹೋಟೆಲುಗಳಲ್ಲಿದೆ. ಆದರೆ ಅದು ಮಾಲೀಕರ ಪೂಜೆ. ಅಡುಗೆಮನೆಯವರಿಗೂ ಸಪ್ಲೈಯರುಗಳಿಗೂ ತಮ್ಮ ದುಡಿಮೆಯೇ ಕಾಯಕವೆನ್ನಿಸಬೇಕಾದರೆ ಬೇರೆ ಏರ್ಪಾಡು ಬೇಕು. ಅದನ್ನು ನೌಕರರ ಊಟದಿಂದ ಆರಂಭಿಸಿರಿ.

ನಾನು ಮೇಲ್ವಿಚಾರಕನಾಗಿದ್ದ ಹೋಟೆಲೊಂದರಲ್ಲಿ ತಟ್ಟೆ ತೊಳೆಯುವ ಹೆಂಗಸರು ಮಧ್ಯಾಹ್ನ ಮೂರೂವರೆಯ ಹೊತ್ತಿಗೆ, ನೀರಿನಲ್ಲಿ ನೆನೆದು ಬಿಳಿಚಿಕೊಂಡ ಬೆರಳುಗಳಿಂದ ಆರಿದ ಅನ್ನಕ್ಕೆ ತಳದ ಸಾರು ಕಲಸಿಕೊಂಡು, ತೊಟ್ಟಿಯ ಪಕ್ಕದಲ್ಲೇ ನಿಂತು ಉಣ್ಣುತ್ತಿದ್ದರು. ಹಸಿದವರ ಕೈಯಿಂದ ಅತಿಥಿಸತ್ಕಾರ ಮಾಡಿಸುವುದು ತಪ್ಪೆಂದು ನನಗೆ ಆಗ ಮನವರಿಕೆಯಾಯಿತು. ಗಿರಾಕಿಗಳು ಬರುವ ಮೊದಲೇ, ಹನ್ನೊಂದೂವರೆಗೆ, ಎರಡು ಪಂಕ್ತಿಯಲ್ಲಿ ಎಲ್ಲರನ್ನೂ ಕೂರಿಸಿ ಬಿಸಿ ಅನ್ನ ಬಡಿಸಿರಿ. ವಾರಕ್ಕೊಮ್ಮೆಯಾದರೂ ಮ್ಯಾನೇಜರೇ ಬಡಿಸಲಿ. ದಾಸೋಹವೆಂಬ ಮಾತಿಗೆ ಹೋಟೆಲಿನಲ್ಲಿ ಇದಕ್ಕಿಂತ ನೇರವಾದ ಅರ್ಥ ನನಗೆ ಕಂಡಿಲ್ಲ.

ಎರಡನೆಯದು ಟಿಪ್ಸ್. 12ನೆಯ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವ ಕಾಯಕದಲ್ಲಿದ್ದ ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಪತ್ನಿ ಲಕ್ಕಮ್ಮ ಅದನ್ನು ತಂದಲ್ಲಿಗೇ ಸುರಿದು ಬರುವಂತೆ ಹೇಳಿದಳೆಂಬುದು ಕನ್ನಡಿಗರಿಗೆ ಗೊತ್ತಿರುವ ಕಥೆ. ಹೆಚ್ಚಾದದ್ದು ಒಬ್ಬರ ಬಳಿಯೇ ಉಳಿಯಬಾರದೆಂಬ ಆ ನೀತಿಯಂತೆ, ಟಿಪ್ಸನ್ನು ಒಂದೇ ಡಬ್ಬಿಗೆ ಹಾಕಿಸಿ, ಗಿರಾಕಿಯ ಕಣ್ಣಿಗೆ ಬೀಳದ ಕ್ಲೀನರನಿಗೂ ಪಾಲು ಸಲ್ಲುವಂತೆ, ಸಪ್ಲೈಯರುಗಳ ಒಪ್ಪಿಗೆ ಪಡೆದೇ ಹಂಚಿರಿ.

ಮೂರನೆಯದಾಗಿ, ವ್ರತ ಮತ್ತು ಪ್ರಾರ್ಥನೆಗಳನ್ನು ಡ್ಯೂಟಿ ಪಟ್ಟಿ ಬರೆಯುವಾಗಲೇ ಲೆಕ್ಕಕ್ಕೆ ತೆಗೆದುಕೊಳ್ಳಿರಿ. ರಂಜಾನ್ ತಿಂಗಳಲ್ಲಿ ಉಪವಾಸ ಬಿಡುವ ಸೂರ್ಯಾಸ್ತದ ಹೊತ್ತು ಸಂಜೆಯ ವ್ಯಾಪಾರ ಕುದುರುವ ಹೊತ್ತೂ ಆಗಿರುತ್ತದೆ. ಶುಕ್ರವಾರದ ನಮಾಜು ಊಟದ ಗದ್ದಲದಲ್ಲೇ ಬರುತ್ತದೆ. ಚರ್ಚಿಗೆ ಹೋಗುವವರಿಗೆ ಬೇಕಾದ ಭಾನುವಾರದ ಬೆಳಗ್ಗೆ ನಮಗೆ ಉಸಿರಾಡಲೂ ಪುರಸೊತ್ತಿರುವುದಿಲ್ಲ. ಬದಲಿ ಆಳನ್ನು ಹಿಂದಿನ ದಿನವೇ ಗೊತ್ತುಮಾಡಿದರೆ ಇವೆಲ್ಲ ಸಾಧ್ಯ. 41 ದಿನಗಳ ಅಯ್ಯಪ್ಪ ವ್ರತದಲ್ಲಿ ಬರಿಗಾಲಿನಲ್ಲಿರುವ ಮಾಲಾಧಾರಿಗಳನ್ನು ಮಾತ್ರ ಕಾದ ಎಣ್ಣೆಯ ಬಾಣಲೆಯ ಬಳಿ ನಿಲ್ಲಿಸಲೇಬೇಡಿರಿ. ಪಾರ್ಸೆಲ್ ಕಟ್ಟುವ ಕೆಲಸವನ್ನೋ ಸ್ಟೋರಿನ ಲೆಕ್ಕವನ್ನೋ ಒಪ್ಪಿಸಿರಿ.

ಎಲ್ಲರನ್ನೂ ಸೇರಿಸಿ ಒಂದೇ ಪ್ರಾರ್ಥನೆ ಹೇಳಿಸುವುದು ಬೇಡ. ಸಂವಿಧಾನದ 25ನೆಯ ವಿಧಿ ಕೊಟ್ಟಿರುವ ಆತ್ಮಸಾಕ್ಷಿಯ ಸ್ವಾತಂತ್ರ್ಯ ದೇವರನ್ನು ನಂಬದ ನೌಕರನಿಗೂ ಇದೆ. ಬೆಳಗಿನ ಬ್ರೀಫಿಂಗಿನ ಕೊನೆಗೆ ಒಂದು ನಿಮಿಷ ಮೌನವಿದ್ದರೆ ಸಾಕು. ಹಾಗೆಯೇ ಸೇವೆಯೆಂಬ ಹೆಸರಿನಲ್ಲಿ ವಾರದ ರಜೆಯನ್ನೋ ಓವರ್‌ಟೈಮ್ ಹಣವನ್ನೋ ಕಡಿತಗೊಳಿಸಿದಲ್ಲಿ ಮೇಲೆ ಹೇಳಿದ ಯಾವುದಕ್ಕೂ ಬೆಲೆಯಿರುವುದಿಲ್ಲ.

ಗಿರಾಕಿಯಿಂದ ಬೈಸಿಕೊಂಡ ಹುಡುಗನನ್ನು ತಕ್ಷಣ ಮುಂದಿನ ಟೇಬಲ್ಲಿಗೆ ಕಳುಹಿಸದೆ, ಆ ಟೇಬಲ್ಲನ್ನು ಸಪ್ಲೈಯರುಗಳ ಮೇಲ್ವಿಚಾರಕನಾದ ಕ್ಯಾಪ್ಟನ್ ನೋಡಿಕೊಳ್ಳಲಿ. ಹುಡುಗ ಹಿತ್ತಲಿಗೆ ಹೋಗಿ ಮುಖ ತೊಳೆದು, ಒಂದು ಲೋಟ ನೀರು ಕುಡಿದು, ತಾನಾಗಿ ಒಳಗೆ ಬರಲಿ.