ಬೆಣ್ಣೆಯೂ ಕರಗುತ್ತೆ, ಸಕ್ಕರೆಯೂ ಕರಗುತ್ತೆ: ನಾವು ಬರೆದ ಕೆಮಿಸ್ಟ್ರಿ ಪಾಠಗಳು

ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ನಾವು ಐದು ಜನ ಸೇರಿ ನಾಲ್ಕು, ಐದನೇ ತರಗತಿ ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಬರೆದೆವು. ಅದೇ ನಮ್ಮ ಪ್ರಾಜೆಕ್ಟ್. ನಮ್ಮ ರಾಜ್ಯದ ಶಾಲೆಗಳಲ್ಲಿ ಐದನೇ ತರಗತಿವರೆಗೆ ಇರುವುದು ಪರಿಸರ ಅಧ್ಯಯನ. ವಿಜ್ಞಾನ ಅಂತ ಬೇರೆ ವಿಷಯ ಬರುವುದು ಆರರಲ್ಲಿ. ಹಾಗಾಗಿ ನಾವು ಹೈಸ್ಕೂಲ್ ಪುಸ್ತಕ ತೆಗೆದು ಅದನ್ನೇ ಕುಗ್ಗಿಸಿದೆವು. ಮೊದಲ ಪಾಠ ಪರಮಾಣು, ಎರಡನೆಯದು ಅಣು. ಬಣ್ಣಬಣ್ಣದ ಚಿತ್ರಗಳೂ ಇದ್ದವು.

ಪಾಠ ಮಾಡಲು ಒಪ್ಪಿಕೊಂಡಿದ್ದ ಸರ್ಕಾರಿ ಶಾಲೆಯ ಮೇಡಂ ಅದನ್ನು ಓದಿ ಒಂದೇ ಮಾತು ಕೇಳಿದರು: "ಮಕ್ಕಳ ಕೈಗೆ ಏನು ಕೊಡ್ತೀರಮ್ಮ?"

ಪರಮಾಣುವನ್ನು ಕೈಗೆ ಕೊಡೋಕೆ ಆಗಲ್ಲ. ಆ ಎರಡೂ ಪಾಠಗಳನ್ನು ಕಿತ್ತು ಹಾಕಿ ಉಪ್ಪು, ಸಕ್ಕರೆಯಿಂದ ಶುರು ಮಾಡಿದೆವು. ಇದಕ್ಕಿಂತ ಸುಲಭದ್ದು ಇನ್ನೇನು ಅಂದುಕೊಂಡಿದ್ದೆವು. ಎಡವಿದ್ದು ಅಲ್ಲೇ.

"ನೀರಿಗೆ ಹಾಕಿದ ಸಕ್ಕರೆ ಏನಾಯ್ತು?" ಅಂತ ಕೇಳಿದೆ. "ಕರಗಿತು ಮಿಸ್!" ಸರಿ. "ಇನ್ನು ಯಾವ್ಯಾವುದು ಕರಗುತ್ತೆ?" ಬೆಣ್ಣೆ, ಐಸ್, ಮೇಣದ ಬತ್ತಿ, ಬೆಲ್ಲ, ಕೊನೆಗೆ ಮೋಡ! ಇಂಗ್ಲಿಷ್‌ನಲ್ಲಿ ಇದಕ್ಕೆ ಎರಡು ಬೇರೆ ಪದಗಳಿವೆ: ಬೆಣ್ಣೆ ಬಿಸಿಗೆ ಕರಗಿದರೆ ಮೆಲ್ಟ್, ಸಕ್ಕರೆ ನೀರಲ್ಲಿ ಕರಗಿದರೆ ಡಿಸಾಲ್ವ್. ನಮ್ಮ ಮನೆಮಾತಿನಲ್ಲಿ ಎರಡಕ್ಕೂ ಕರಗುವುದೇ. ನೀರಲ್ಲಿ ಕರಗುವುದಕ್ಕೆ ಪುಸ್ತಕದಲ್ಲಿ 'ವಿಲೀನ' ಅಂತ ಬರೆಯುತ್ತಾರೆ, ನಿಜ. ಆದರೆ ಒಂಬತ್ತು ವರ್ಷದ ಮಗುವಿಗೆ ಆ ಪದ ಕೊಟ್ಟರೆ ಬಾಯಿಪಾಠ ಮಾಡುತ್ತದೆ, ಅಷ್ಟೇ. ನಮ್ಮ ಗುಂಪಿನಲ್ಲೇ ಇದರ ಮೇಲೆ ಎರಡು ಸಂಜೆ ಜಗಳವಾಯಿತು. ಕೊನೆಗೆ ಮಕ್ಕಳ ಪದವನ್ನೇ ಇಟ್ಟುಕೊಂಡು ಮುಂದೆ ಒಂದು ಮಾತು ಸೇರಿಸಿದೆವು: 'ಬಿಸಿಗೆ ಕರಗೋದು', 'ನೀರಲ್ಲಿ ಕರಗೋದು'. ಒಂದು ಚಮಚ ತುಪ್ಪ, ಒಂದು ಚಮಚ ಸಕ್ಕರೆ. ಯಾವುದು ಬಿಸಿಲಿಗೆ ಇಟ್ಟರೆ ಕರಗುತ್ತೆ, ಯಾವುದಕ್ಕೆ ನೀರು ಬೇಕು, ನೀವೇ ನೋಡಿ ಹೇಳಿ.

ಉಪ್ಪು ನೀರಿನೊಳಗೇ ಇದೆ ಅಂತ ತೋರಿಸಲು ತಕ್ಕಡಿ ತಂದೆವು. 200 ಗ್ರಾಂ ನೀರು, 20 ಗ್ರಾಂ ಉಪ್ಪು. ಕಲಸಿ ತೂಗಿದರೆ 220 ಗ್ರಾಂ. ಕಣ್ಣಿಗೆ ಕಾಣದ್ದಕ್ಕೂ ತೂಕ ಇದೆ ಅನ್ನುವುದನ್ನು ಕೆಲವರು ನಂಬಲೇ ಇಲ್ಲ, ತಕ್ಕಡಿ ಕೆಟ್ಟಿದೆ ಅಂದರು. ಸ್ವಲ್ಪ ಉಪ್ಪುನೀರನ್ನು ಸ್ಟೀಲ್ ತಟ್ಟೆಯಲ್ಲಿ ಬಿಸಿಲಿಗಿಟ್ಟು, ಮಾರನೇ ದಿನ ತಳದಲ್ಲಿ ಬಿಳಿ ಹರಳು ಕಂಡ ಮೇಲೆ ಒಪ್ಪಿದರು.

ಮೂರನೇ ಪಾಠದಲ್ಲಿ ಮಾನ ಹೋಯಿತು. ಅಡುಗೆ ಸೋಡಾಕ್ಕೆ ನೀರು ಹಾಕಿದರೆ ಏನೂ ಆಗಲ್ಲ, ನಿಂಬೆರಸ ಹಾಕಿದರೆ ಬುರುಬುರು ನೊರೆ ಬರುತ್ತೆ. ಇದು ಪ್ಲಾನ್. ಆದರೆ ಬರೀ ನೀರಿಗೇ ನೊರೆ ಬಂತು! ಗೆಳತಿ ಗಡಿಬಿಡಿಯಲ್ಲಿ ಬೇಕಿಂಗ್ ಪೌಡರ್ ತಂದಿದ್ದಳು. ಅದರಲ್ಲಿ ಸೋಡಾದ ಜೊತೆ ಒಣ ಆಮ್ಲದ ಪುಡಿಯೂ ಇರುತ್ತದೆ. ನೀರು ತಾಗಿದರೆ ಸಾಕು, ಎರಡೂ ಸೇರಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ. ಮೂರು ವರ್ಷ ಕೆಮಿಸ್ಟ್ರಿ ಓದಿದ ನಾವು ಬೆಪ್ಪರಂತೆ ನಿಂತಿದ್ದೆವು. ಆಮೇಲೆ ಅದನ್ನೇ ಒಂದು ಪಾಠ ಮಾಡಿದೆವು. ಎರಡು ಬಿಳಿ ಪುಡಿ ಇವೆ, ಯಾವುದು ಯಾವುದು ಅಂತ ಬಾಯಿಗೆ ಹಾಕದೆ ಪತ್ತೆ ಮಾಡಿ. ನಮ್ಮ ಎಂಟು ಪಾಠಗಳಲ್ಲಿ ನನಗೆ ಜಾಸ್ತಿ ಇಷ್ಟ ಅದೇ.

ಅರಿಶಿನದ ಪಾಠ ಮಾತ್ರ ಸಲೀಸಾಗಿ ಹೋಯಿತು. ಅರಿಶಿನವನ್ನು ನೀರಲ್ಲಿ ಕಲಸಿ ಹಾಳೆಗೆ ಬಳಿದು, ಒಣಗಿಸಿ, ಪಟ್ಟಿ ಕತ್ತರಿಸಿದೆವು. ಸೋಪಿನ ನೀರು ತಾಗಿದರೆ ಕೆಂಪು, ಹುಣಸೆರಸ ಹಾಕಿದರೆ ಮತ್ತೆ ಹಳದಿ. ನಾನು ವಿವರಿಸುವ ಮೊದಲೇ ಹಿಂದಿನ ಸಾಲಿನ ಹುಡುಗಿ ಎದ್ದು ನಿಂತಳು. "ಇದು ಓಕುಳಿ ಅಲ್ವಾ ಮಿಸ್? ಆರತಿಗೆ ಅಜ್ಜಿ ಅರಿಶಿನದ ನೀರಿಗೆ ಸುಣ್ಣ ಹಾಕ್ತಾರೆ." ಹುಳಿಯೋ (ಆಮ್ಲ) ಸೋಪು, ಸುಣ್ಣದಂಥ ಕ್ಷಾರವೋ ಅಂತ ಬಣ್ಣ ಬದಲಿಸಿ ತೋರಿಸುವ ವಸ್ತುಗಳಿಗೆ ಸೂಚಕ ಅನ್ನುತ್ತಾರೆ; 'ಸೂಚಕಗಳು' ಅಂತ ಇದ್ದ ಪಾಠದ ಹೆಸರನ್ನು 'ಓಕುಳಿ' ಅಂತ ಬದಲಾಯಿಸಿದೆವು. ಸುಣ್ಣವನ್ನು ಮಾತ್ರ ಮಕ್ಕಳ ಕೈಗೆ ಕೊಡಲಿಲ್ಲ. ಕಣ್ಣಿಗೆ ಬಿದ್ದರೆ ದೊಡ್ಡ ಅಪಾಯ. ಅದನ್ನು ಕಲಸುವುದು ಮೇಡಂ ಕೆಲಸ.

ಕೊನೆಗೆ ಪರೀಕ್ಷೆ ಇಡಲಿಲ್ಲ. ಮನೆಯಿಂದ ಒಂದೊಂದು ವಸ್ತು ತಂದು ಅರಿಶಿನದ ಪಟ್ಟಿ ಮೇಲೆ ನೋಡಿ ಅಂದೆವು. ಬಟ್ಟೆ ಸೋಪು, ಪಾತ್ರೆ ಸೋಪು, ಮಜ್ಜಿಗೆ, ಎಲ್ಲ ಬಂದವು. ಒಬ್ಬ ಶಾಂಪೂ ಪ್ಯಾಕೆಟ್ ತಂದಿದ್ದ. ಪಟ್ಟಿ ಹಳದಿಯಾಗೇ ಉಳಿಯಿತು. "ಇದೂ ಸೋಪೇ ತಾನೇ?" ಅವನ ಮುಖ ಬಾಡಿತು. ನಮಗೂ ತಟ್ಟನೆ ಹೊಳೆಯಲಿಲ್ಲ. ಪ್ಯಾಕೆಟ್ ತಿರುಗಿಸಿ ಹಿಂದೆ ಬರೆದಿದ್ದ ಸಣ್ಣ ಅಕ್ಷರ ಓದುತ್ತಾ ಹೋದೆವು. ಶಾಂಪೂಗೆ ಏನೇನು ಹಾಕಿದ್ದಾರೆ ಅನ್ನುವ ಸಾಲುಗಳ ಕೊನೆಯ ಹತ್ತಿರ ಸಿಟ್ರಿಕ್ ಆಸಿಡ್ ಅಂತ ಇತ್ತು.

"ಹಾಗಂದ್ರೆ?" ಅಂದ.

"ನಿಂಬೆಹಣ್ಣಲ್ಲಿ ಇರುತ್ತಲ್ಲ, ಆ ಹುಳಿ."

ಪ್ಯಾಕೆಟ್ ಕಿತ್ತುಕೊಂಡು ಮೂಸಿ ನೋಡಿದ.