ಹೊರಗಿನ ಸೌದೆ ಬಾಯ್ಲರ್: ಹೊಗೆ ಕಡಿಮೆ, ಬಿಸಿ ಜಾಸ್ತಿ

ಮನೆಯಿಂದ ದೂರದಲ್ಲಿ ಪುಟ್ಟ ಶೆಡ್ ಥರ ನಿಂತು ಮನೆಯನ್ನು ಬಿಸಿ ಮಾಡುವ ಸೌದೆ ಬಾಯ್ಲರ್ ನೋಡಿದವರಿಗೆಲ್ಲ ಮೊದಲು ಅನಿಸುವುದು ಒಂದೇ: ಬಾಯಿ ತುಂಬ ಸೌದೆ ತುರುಕಿ ಬಾಗಿಲು ಹಾಕಿದರೆ ಕೆಲಸ ಮುಗಿಯಿತು. ಹಾಗೆ ಮಾಡಿದರೂ ಮನೆ ಬಿಸಿಯಾಗುತ್ತದೆ, ಸುಳ್ಳಲ್ಲ. ಆದರೆ ಸೌದೆ ದುಪ್ಪಟ್ಟು ಖರ್ಚಾಗುತ್ತದೆ, ಪಕ್ಕದ ಮನೆಯವರು ಮಾತು ಬಿಡುತ್ತಾರೆ. ಈ ಯಂತ್ರ ಜೋರಾಗಿ ಉರಿದು ಕೆಡುವುದು ಅಪರೂಪ. ಉರಿಯದೆ ಸುಮ್ನೆ ಕಮರುತ್ತಾ ಕೂತಾಗಲೇ ಕೆಡುವುದು.

ಒಳಗೆ ಏನಾಗುತ್ತದೆ ನೋಡಿ. ಬೆಂಕಿ ಗೂಡಿನ ಸುತ್ತ ನೀರಿನ ತೊಟ್ಟಿ. ಆ ನೀರನ್ನು ಪಂಪ್ ನೆಲದಡಿಯ ಪೈಪಿನಲ್ಲಿ ಮನೆಗೆ ಕಳಿಸುತ್ತದೆ, ಅಲ್ಲಿ ಬಿಸಿ ಬಿಟ್ಟು ನೀರು ವಾಪಸ್ ಬರುತ್ತದೆ. ಹಲವು ಮಾಡೆಲ್‌ಗಳಲ್ಲಿ ನೀರು ಸುಮಾರು 85 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಕೂಡಲೇ ಗಾಳಿಯ ಕಿಂಡಿ ಮುಚ್ಚುತ್ತದೆ, ಕೆಲವು ಡಿಗ್ರಿ ಇಳಿದಾಗ ಮತ್ತೆ ತೆರೆಯುತ್ತದೆ. ಕಿಂಡಿ ಮುಚ್ಚಿದರೆ ಬೆಂಕಿ ಆರುವುದಿಲ್ಲ, ಉಸಿರುಗಟ್ಟಿ ಹೊಗೆಯಾಡುತ್ತದೆ. ಗೂಡಿನ ತುಂಬ ಸೌದೆ ಇದ್ದು ಮನೆಗೆ ಬಿಸಿಯೇ ಬೇಡದಿದ್ದರೆ ಗಂಟೆಗಟ್ಟಲೆ ಅದೇ ಕತೆ. ದಟ್ಟ ಹೊಗೆ, ಒಳಗೋಡೆಗೆ ಡಾಂಬರಿನಂಥ ಕಪ್ಪು ಅಂಟು, ಅದರಡಿಯಲ್ಲಿ ತುಕ್ಕು, ಎಲ್ಲ ಬರುವುದು ಇಲ್ಲಿಂದಲೇ.

ಹಾಗಾಗಿ ಮುಂದಿನ 8ರಿಂದ 12 ಗಂಟೆಗೆ ಬೇಕಾಗುವಷ್ಟು ಮಾತ್ರ ಹಾಕಿ. ಚಳಿ ಕಡಿಮೆ ಇರುವ ದಿನ ನಾಲ್ಕು ಸೀಳು ಸಾಕು. ಬೇಸಿಗೆಯಲ್ಲಿ ಬರೀ ಸ್ನಾನದ ನೀರಿಗೆ ಇದನ್ನು ಹಚ್ಚಿಡುವುದು ನನ್ನ ಪ್ರಕಾರ ದಂಡ, ಅದಕ್ಕೆ ಬೇರೆ ಹೀಟರ್ ಇಟ್ಟುಕೊಳ್ಳಿ.

ಇನ್ನು ಸೌದೆ. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಆ ನೀರು ಆವಿಯಾಗದೆ ಕಟ್ಟಿಗೆ ಸರಿಯಾಗಿ ಉರಿಯುವುದಿಲ್ಲ. 20% ತೇವದ ಒಂದು ಕೆಜಿ ಸೌದೆಯಿಂದ ಸುಮಾರು 4 ಯೂನಿಟ್ (ಕಿಲೋವ್ಯಾಟ್-ಅವರ್) ಶಾಖ ಸಿಕ್ಕರೆ, 50% ತೇವದ್ದರಿಂದ ಸುಮಾರು ಅರ್ಧ. "ದೊಡ್ಡ ಗೂಡು, ಏನು ಹಾಕಿದರೂ ಉರಿಯುತ್ತೆ" ಅನ್ನುವವರ ಮಾತು ಕೇಳಬೇಡಿ. ಸೀಳಿ, ನೆಲ ಮುಟ್ಟದಂತೆ ಪೇರಿಸಿ, ಮೇಲ್ಭಾಗ ಮಾತ್ರ ಮುಚ್ಚಿ, ಪಕ್ಕಕ್ಕೆ ಗಾಳಿ ಆಡಲು ಬಿಟ್ಟು ಒಂದು ವರ್ಷ ಒಣಗಿಸಿ. ಗಟ್ಟಿ ಮರಕ್ಕೆ ಎರಡು ವರ್ಷ ಬೇಕಾದೀತು. ತೇವದ ಮೀಟರ್ ಇದ್ದರೆ ಹೊರಗಿನ ತೊಗಟೆಗೆ ಚುಚ್ಚಬೇಡಿ, ಅಲ್ಲಿ ಒಳಗಿಗಿಂತ ಹೆಚ್ಚು ಒಣಗಿದಂತೆ ತೋರಿಸಬಹುದು. ಆಗತಾನೇ ಸೀಳಿದ ಒಳಮೈಗೆ ಚುಚ್ಚಿ. ಮೀಟರ್ ಇಲ್ವಾ? ಎರಡು ತುಂಡು ಒಂದಕ್ಕೊಂದು ಬಡಿಯಿರಿ. ಒಣಗಿದ್ದು ಟಣ್ ಅನ್ನುತ್ತದೆ, ಹಸಿಯದು ದಬ್ ಅನ್ನುತ್ತದೆ. ಪ್ಲಾಸ್ಟಿಕ್, ಪೇಂಟ್ ಹಚ್ಚಿದ ಹಲಗೆ, ಪ್ಲೈವುಡ್, ಮನೆ ಕಸ ಇದ್ಯಾವುದನ್ನೂ ಹಾಕಬೇಡಿ, ಹೊಗೆ ವಿಷ, ಗೂಡಿಗೂ ಕೇಡು.

ಬಾಗಿಲು ತೆಗೆಯುವಾಗ ಹುಷಾರು. ಗಾಳಿಯಿಲ್ಲದೆ ಕಮರಿದ ಗೂಡಿನಲ್ಲಿ ಉರಿಯುವ ಅನಿಲ ತುಂಬಿರುತ್ತದೆ. ಒಮ್ಮೆಲೇ ತೆಗೆದರೆ ಹೊಸ ಗಾಳಿ ಸಿಕ್ಕಿ ಜ್ವಾಲೆ ಮುಖಕ್ಕೇ ನುಗ್ಗುತ್ತದೆ. ಗೂಡಿಗೆ ಗಾಳಿ ಊದುವ ಫ್ಯಾನ್ ಇದ್ದರೆ ಆಫ್ ಮಾಡಿ, ಬಾಗಿಲು ಬೆರಳಷ್ಟು ಸರಿಸಿ, ಅರ್ಧ ನಿಮಿಷ ಪಕ್ಕಕ್ಕೆ ನಿಂತು ಆಮೇಲೆ ಪೂರ್ತಿ ತೆಗೆಯಿರಿ. ದಪ್ಪ ಚರ್ಮದ ಗ್ಲೌಸ್ ಇರಲಿ, ನೈಲಾನ್ ಜಾಕೆಟ್ ಬೇಡವೇ ಬೇಡ. ಕೆಂಡವನ್ನು ಮುಂದಕ್ಕೆ ಎಳೆದು ಹರಡಿ, ಅದರ ಮೇಲೆ ಸೌದೆ ಇಡಿ.

ಬೂದಿಯನ್ನು ಪೂರ್ತಿ ಬಳಿಯಬೇಡಿ, ಕೆಂಡದ ಜೊತೆ ಒಂದು ಪದರ ಉಳಿಯಲಿ. ತೆಗೆದದ್ದು ಮುಚ್ಚಳವಿರುವ ಲೋಹದ ಡಬ್ಬಕ್ಕೆ ಹೋಗಲಿ, ಡಬ್ಬ ಗೋಡೆಯಿಂದಲೂ ಸೌದೆ ರಾಶಿಯಿಂದಲೂ ದೂರ ಇರಲಿ. ತಣ್ಣಗಾದಂತೆ ಕಾಣುವ ಬೂದಿಯೊಳಗೆ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ.

ಎಲ್ಲರೂ ಮರೆಯುವುದು ನೀರು. ಇಂಥ ಬಾಯ್ಲರ್ ಬಹುತೇಕ ತೆರೆದ ವ್ಯವಸ್ಥೆ, ಒಳಗೆ ಒತ್ತಡ ಇರುವುದಿಲ್ಲ, ಆದ್ದರಿಂದ ಗಾಳಿಯ ಆಮ್ಲಜನಕ ನೀರಿಗೆ ಸೇರಿ ಕಬ್ಬಿಣವನ್ನು ಒಳಗಿನಿಂದ ತಿನ್ನುತ್ತದೆ. ತಯಾರಕರು ಹೇಳಿದ ತುಕ್ಕು ನಿರೋಧಕ ಹಾಕಿ, ವರ್ಷಕ್ಕೊಮ್ಮೆಯಾದರೂ ನೀರು ಪರೀಕ್ಷಿಸಿ. ನೀರಿನ ಮಟ್ಟ ಪದೇ ಪದೇ ಇಳಿಯುತ್ತಿದ್ದರೆ ಬರೀ ತುಂಬಿಸುತ್ತಾ ಹೋಗಬೇಡಿ, ಸೋರಿಕೆ ಹುಡುಕಿ. ವಾಪಸ್ ಬರುವ ನೀರು 60 ಡಿಗ್ರಿಗಿಂತ ಕೆಳಗಿದ್ದರೆ ಗೂಡಿನ ಗೋಡೆ ಬೆವರುತ್ತದೆ, ಆ ಬೆವರು ಆಮ್ಲದಂತೆ ಕೊರೆಯುತ್ತದೆ. ಇದಕ್ಕೆ ವಾಪಸ್ ಬರುವ ನೀರಿಗೆ ಬಿಸಿ ನೀರು ಬೆರೆಸುವ ಥರ್ಮೋಸ್ಟಾಟಿಕ್ ಮಿಕ್ಸಿಂಗ್ ವಾಲ್ವ್ ಹಾಕಿಸುವುದು ಒಳ್ಳೆಯದು. ಬಾಯ್ಲರಿನಿಂದ ಹೊರಟ ನೀರಿಗೂ ಮನೆ ಸೇರಿದ ನೀರಿಗೂ ಒಂದೆರಡು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದೆ ಅಂದರೆ ನೆಲದಡಿಯ ಪೈಪಿನ ಇನ್ಸುಲೇಶನ್ ನೆನೆದಿದೆ ಅಂತಲೇ ಅನುಮಾನಪಡಿ. ಆಗ ನೀವು ಮನೆಯ ಬದಲು ಮಣ್ಣನ್ನು ಬಿಸಿ ಮಾಡುತ್ತಿದ್ದೀರಿ.

ಕರೆಂಟ್ ಹೋದರೆ ಪಂಪ್ ನಿಲ್ಲುತ್ತದೆ, ಬೆಂಕಿ ನಿಲ್ಲುವುದಿಲ್ಲ. ಗಾಳಿ ಕಿಂಡಿ ಮುಚ್ಚಿದೆಯೇ ನೋಡಿ, ಹೊಸ ಸೌದೆ ಹಾಕಬೇಡಿ. ನೀರು ಹೆಪ್ಪುಗಟ್ಟುವಷ್ಟು ಚಳಿ ಇರುವ ಕಡೆ ಪಂಪಿಗಾದರೂ ಯುಪಿಎಸ್ ಅಥವಾ ಜನರೇಟರ್ ಇಟ್ಟುಕೊಳ್ಳಿ, ಪೈಪ್ ಒಡೆದರೆ ಅಗೆಯುವ ಕೆಲಸ ಯಾರಿಗೂ ಬೇಡ, ಅಲ್ವಾ?

ಚಳಿಗಾಲ ಮುಗಿದ ವಾರದಲ್ಲೇ ಬೂದಿ, ಮಸಿ, ಅಂಟು ಎಲ್ಲ ಕೆರೆದು ತೆಗೆಯಿರಿ. ಬೂದಿ ಗಾಳಿಯ ತೇವ ಹೀರಿದರೆ ಒಂದೇ ಬೇಸಗೆಯಲ್ಲಿ ಒಳಗೋಡೆ ಗುಳಿ ಬೀಳಬಹುದು. ಗೋಡೆಗೆ ತೆಳುವಾಗಿ ಎಣ್ಣೆ ಸವರಿ, ಚಿಮಣಿಯ ಬಾಯಿ ಮುಚ್ಚಿ. ತೊಟ್ಟಿಯ ನೀರು ಮಾತ್ರ ಹಾಗೇ ತುಂಬಿರಲಿ, ಖಾಲಿ ಮಾಡಿದರೆ ಒದ್ದೆ ಕಬ್ಬಿಣಕ್ಕೆ ಗಾಳಿ ತಾಗಿ ತುಕ್ಕು ಬೇಗ ಹಿಡಿಯುತ್ತದೆ. ಮತ್ತೆ ಹಚ್ಚುವ ದಿನ ಚಿಮಣಿಯ ಮುಚ್ಚಳ ತೆಗೆಯಲು ನೆನಪಿಡುವಂತೆ ಬಾಗಿಲ ಹಿಡಿಗೆ ಒಂದು ಬಟ್ಟೆ ಕಟ್ಟಿಡಿ.