ಸುಗ್ರೀವಾಜ್ಞೆ ಆಟವಾದ ಬಗೆ: ನನ್ನ ಅನುಭವ

ಕನ್ನಡದಲ್ಲಿ ಪದಗಳ ಕಾರ್ಡ್ ಆಟ ಓಡುವುದಿಲ್ಲ ಎಂದವರೇ ಈಗ ಮುಂದಿನ ಮುದ್ರಣ ಯಾವಾಗ ಎಂದು ಕೇಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಲ ಕಾರ್ಡಿನ ಒಂದು ಬದಿಗೆ ಕಾವ್ಯಗಳಿಂದ ನಮ್ಮ ಮಾತಿಗೆ ಬಂದ ಪದ, ಇನ್ನೊಂದು ಬದಿಗೆ ಅರ್ಥ ಹಾಕಿಸಿದ್ದೆ. ದಪ್ಪ ಹಾಳೆ, ಲ್ಯಾಮಿನೇಷನ್, ಡಬ್ಬಿ ಎಲ್ಲ ಸೇರಿ ಹದಿನೆಂಟು ಸಾವಿರ ರೂಪಾಯಿಯ ಆಸುಪಾಸು ಹೋಯಿತು. ಇನ್ನೂರು ಡಬ್ಬಿಗಳಲ್ಲಿ ಮೂವತ್ತೂ ಖರ್ಚಾಗಲಿಲ್ಲ. ಮಕ್ಕಳು ಐದು ನಿಮಿಷ ತಿರುವಿ ನೋಡಿ, ‘ಇದು ಪರೀಕ್ಷೆಗೆ ಬರುತ್ತದೆಯೇ?’ ಎಂದು ಕೇಳಿ ಎದ್ದು ಹೋದರು.

ಎರಡನೇ ಸಲ ಪದವನ್ನೇ ಮುಚ್ಚಿಟ್ಟೆ. ಮೇಲೆ ಕಾವ್ಯದ ಸನ್ನಿವೇಶ ಮಾತ್ರ: ‘ಸೀತೆಯನ್ನು ಹುಡುಕಿ ತಿಂಗಳೊಳಗೆ ಹಿಂದಿರುಗದಿದ್ದರೆ ತಲೆದಂಡ.’ ಇದು ಇಂದು ಪತ್ರಿಕೆಯಲ್ಲಿ ಬರುವ ಯಾವ ಪದ? ಸುಗ್ರೀವಾಜ್ಞೆ! ಅಧಿವೇಶನ ಇಲ್ಲದಾಗ ಕಾನೂನಿನಂತೆ ಹೊರಡಿಸುವ ಆಜ್ಞೆ ಅದು. ವಿಧಾನಮಂಡಲ ಮತ್ತೆ ಸೇರಿ ಆರು ವಾರ ಕಳೆದರೆ ಸರ್ಕಾರದ ಸುಗ್ರೀವಾಜ್ಞೆಯೇ ಸತ್ತುಹೋಗುತ್ತದೆ. ಅಂದು ಗಡುವು ಕಪಿಗಳಿಗೆ, ಇಂದು ಆಜ್ಞೆಗೇ. ಇಷ್ಟು ಹೇಳಿದ್ದೇ ತಡ, ಎದ್ದು ಹೋಗಿದ್ದವರು ಮತ್ತೆ ಬಂದು ಕುಳಿತರು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಕಿಷ್ಕಿಂಧೆ. ವಾಲ್ಮೀಕಿಯಲ್ಲಿ ಅದು ಸಾಲು ಸಾಲು ಉಪ್ಪರಿಗೆಗಳ ಸಿರಿವಂತ ಗುಹಾನಗರ. ನಮ್ಮ ಬಾಯಲ್ಲಿ ಕಾಲು ಚಾಚಲೂ ಎಡೆಯಿಲ್ಲದ ಕೋಣೆ. ‘ರಾದ್ಧಾಂತ’ ಕಾವ್ಯದ ಪದವಲ್ಲ, ಶಾಸ್ತ್ರದ್ದು. ಸಂಸ್ಕೃತದಲ್ಲಿ ಸಿದ್ಧಾಂತವೆಂಬ ಗಂಭೀರ ಅರ್ಥವಿದ್ದ ಅದು ಕನ್ನಡಕ್ಕೆ ಬಂದು ರಂಪವಾಯಿತು. ಸೇರಿಸಬೇಡ ಎಂದು ಗೆಳೆಯರು ವಾದಿಸಿದರು, ನಾನು ಬಿಡಲಿಲ್ಲ.

ನಡುವೆ ಹೊರಗಿನ ಪದಗಳನ್ನೂ ಪರೀಕ್ಷಿಸಿದೆ. ಚೆಕ್ ನಾಟಕಕಾರ ಕಾರೆಲ್ ಚಾಪೆಕ್ 1920ರಲ್ಲಿ ಬರೆದ ನಾಟಕದಿಂದ ಬಂದ ‘ರೋಬೋಟ್’ ಬಿಟ್ಟಿ ದುಡಿಮೆ ಎಂಬರ್ಥದ ಚೆಕ್ ಪದದಿಂದ ಹುಟ್ಟಿದ್ದು ಎಂದಾಗ ಹುಡುಗರು ಕಣ್ಣರಳಿಸಿದರು. ಆದರೆ ಉಳಿದ ಪದಗಳಿಗೆ ಕಥೆಯನ್ನು ಮೊದಲಿನಿಂದ ಹೇಳಬೇಕಾಗಿ ಆಟ ನಿಂತೇಹೋಗುತ್ತಿತ್ತು. ಕೈಬಿಟ್ಟೆ.

ಅಂಕದ ಲೆಕ್ಕವನ್ನು ಮುಚ್ಚಿಡುವುದಿಲ್ಲ: ಪದ ಹೇಳಿದರೆ ಒಂದು, ಅದನ್ನು ಇಂದಿನ ಸಂಗತಿಗೆ ಹೊಂದಿಸಿ ನಗಿಸಿದರೆ ಮೂರು. ಮೊದಲ ಏಳು ಕಾರ್ಡುಗಳ ಕ್ರಮ ಮಾತ್ರ ನನ್ನಲ್ಲೇ ಇರಲಿ. ಅದಕ್ಕೆ ಎರಡು ವರ್ಷ ತೆತ್ತಿದ್ದೇನೆ.

ಸುಮಾರು ಇಪ್ಪತ್ತೇಳು ಸಾವಿರ ಹಾಕಿ ಮಾಡಿಸಿದ ಮುನ್ನೂರು ಡಬ್ಬಿಗಳು ನಾಲ್ಕೈದು ತಿಂಗಳಲ್ಲಿ ಮುಗಿದವು. ಹಳೆಯ ನಷ್ಟವೂ ತೀರಿತು.

ಮೊನ್ನೆ ಒಂದು ಮನೆಯಲ್ಲಿ ಆಟ ಹೂಡಿದ್ದೆ. ಎಲ್ಲರನ್ನೂ ಸೋಲಿಸುತ್ತೇನೆಂದು ಮೊಮ್ಮಗ ಕೊಚ್ಚಿಕೊಳ್ಳುತ್ತಿದ್ದ. ಅರಮನೆಯ ಹೆಂಗಸರ ಮುಂದೆ ಜಂಬ ಕೊಚ್ಚಿ, ಕೌರವರ ಸೇನೆ ಕಂಡೊಡನೆ ರಥದಿಂದ ಹಾರಿ ಓಡಿದ ರಾಜಕುಮಾರನ ಕಾರ್ಡನ್ನು ನಾನು ಓದಿ ಮುಗಿಸುವ ಮೊದಲೇ ಅಜ್ಜಿ ಅವನತ್ತ ತಿರುಗಿ, ‘ಉತ್ತರನ ಪೌರುಷ ಒಲೆಯ ಮುಂದೆ’ ಎಂದರು. ಮೊಮ್ಮಗನೇ ಎಲ್ಲರಿಗಿಂತ ಜೋರಾಗಿ ನಕ್ಕ. ಪೂರ್ತಿ ಮೂರು ಅಂಕ ಕೊಟ್ಟೆ.